ಕುಂಬಳಬೀಜಕ್ಕೂ ಒಂದು ವಂಶಾವಳಿ

ನಾನಿರುವುದು ಅಮೆರಿಕದ ಮಿನ್ನೆಸೋಟದಲ್ಲಿ, ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ. ಇಲ್ಲಿ ನಮ್ಮ ಬೀದಿಯ ನಾಲ್ಕು ಮನೆಯವರು ಐದು ವರ್ಷದಿಂದ ಹಿತ್ತಲಲ್ಲಿ ದೈತ್ಯ ಕುಂಬಳ ಬೆಳೆಯುವ ಪಂದ್ಯ ಕಟ್ಟಿಕೊಂಡಿದ್ದೇವೆ. ಸೋತ ಮೂರು ಮನೆಯವರು ಗೆದ್ದವರಿಗೆ ಅಡುಗೆ ಮಾಡಿ ಬಡಿಸಬೇಕು, ಅದೇ ಬಹುಮಾನ. ಈ ಹುಚ್ಚಿಗೆ ಈ ನೆಲ ಹೇಳಿ ಮಾಡಿಸಿದ್ದು. ಇಲ್ಲಿನ ಅನೋಕದ ಟ್ರ್ಯಾವಿಸ್ ಗಿಂಗರ್ ಬೆಳೆದ ಕಾಯಿ 2023ರಲ್ಲಿ ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇಯಲ್ಲಿ 2,749 ಪೌಂಡ್, ಅಂದರೆ 1,247 ಕಿಲೋ ತೂಗಿ ಆಗಿನ ವಿಶ್ವದಾಖಲೆ ಮಾಡಿತು.

ಮೊದಲ ವರ್ಷ ಹೀಚು ಕಚ್ಚಿದ ದಿನ ಅಮ್ಮನಿಗೆ ವಿಡಿಯೊ ಕರೆ ಮಾಡಿ ತೋರಿಸಿದೆ. "ಬೆರಳು ತೋರಿಸಬೇಡ ಮಾರಾಯ, ಕೊಳೆತು ಹೋಗುತ್ತೆ! ಮಡಚಿ ತೋರಿಸು" ಅಂದರು. ನಮ್ಮಲ್ಲಿ ಹೀಚನ್ನು ಎಲೆಯ ಮರೆಯಲ್ಲೇ ಬಿಡುತ್ತಾರೆ, ನಾಲ್ಕು ಜನರ ಕಣ್ಣಿಗೆ ಬೀಳಬಾರದು. ಇಲ್ಲಿ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ವಾರಕ್ಕೊಮ್ಮೆ ಟೇಪು ಹಿಡಿದು ಬರುತ್ತಾರೆ. ಕಾಯಿಯ ಸುತ್ತಳತೆ, ತೊಟ್ಟಿನ ಕಡೆಯಿಂದ ತುದಿಯವರೆಗೆ ಮೇಲಿನ ಅಳತೆ, ಅಡ್ಡಕ್ಕೆ ಇನ್ನೊಂದು. ಮೂರನ್ನೂ ಕೂಡಿ ಪಟ್ಟಿ ನೋಡಿದರೆ ತೂಕದ ಅಂದಾಜು ಸಿಗುತ್ತದೆ. ನನ್ನ ಕಾಯಿ ಅವರದ್ದಕ್ಕಿಂತ ಮುಂದಿದ್ದರೆ ಅವರ ಮುಖ ಅರಳುತ್ತದೆ.

ಹೂವಿಗೆ ಕೈಯಿಂದಲೇ ಪರಾಗ ಮುಟ್ಟಿಸುವುದನ್ನು ಕಲಿಸಿದ್ದೂ ಅವರೇ. ಮರುದಿನ ಅರಳುವ ಹೆಣ್ಣು ಹೂವಿಗೆ ಹಿಂದಿನ ಸಂಜೆಯೇ ತೆಳು ಬಟ್ಟೆಯ ಚೀಲ ಕಟ್ಟಬೇಕು, ಜೇನುನೊಣ ಬೇರೆ ಪರಾಗ ತರಬಾರದು. ಬೆಳಗ್ಗೆ ಆರಕ್ಕೆ ಎದ್ದು ಗಂಡು ಹೂವಿನ ಎಸಳು ಕಿತ್ತು, ಹಳದಿ ಪುಡಿ ಉದುರುವ ನಡುದಂಡನ್ನು ಹೆಣ್ಣು ಹೂವಿನ ಒಳಗೆ ನಿಧಾನ ಸವರಬೇಕು. ಮತ್ತೆ ಚೀಲ ಕಟ್ಟಬೇಕು. ಆಮೇಲೆ ಬಳ್ಳಿಯ ಗೆಣ್ಣುಗಳ ಮೇಲೆ ಮಣ್ಣೆಳೆದರೆ ಅಲ್ಲೂ ಬೇರು ಬಿಡುತ್ತದೆ. ಒಂದು ಬಳ್ಳಿಗೆ ಒಂದೇ ಕಾಯಿ, ಉಳಿದ ಹೀಚೆಲ್ಲ ಚಿವುಟಿ ಹಾಕಬೇಕು. ಇದೊಂದು ಕೆಲಸಕ್ಕೆ ಇಂದಿಗೂ ನನ್ನ ಕೈ ಏಳುವುದಿಲ್ಲ. ಬಳ್ಳಿ ಕೊಟ್ಟಷ್ಟನ್ನೂ ತೆಗೆದುಕೊಂಡ ಮನೆಯವನು ನಾನು.

ಹೋದ ವರ್ಷ ಆಗಸ್ಟ್ ಕೊನೆಗೆ ಎರಡು ದಿನ ಒಂದೇ ಸಮ ಮಳೆ ಹೊಯ್ದು ನನ್ನ ಕಾಯಿ ಬಿರಿಯಿತು. 140 ಕಿಲೋ ಅಂದಾಜಿತ್ತು. ತೊಟ್ಟಿನ ಬುಡದಿಂದ ಒಂದು ಗೇಣು ಸೀಳು, ಒಳಗಿನ ಕಿತ್ತಳೆ ಬಣ್ಣ ಕಾಣುತ್ತಿತ್ತು. ಬಿರಿದ ಕಾಯಿ ಪಂದ್ಯಕ್ಕಿಲ್ಲ. ಮೂರೂ ಮನೆಯವರು ಬಂದು ಸುಮ್ಮನೆ ನಿಂತರು, ಆಮೇಲೆ ಕುಡುಗೋಲು, ಬಕೆಟ್ಟು ತಂದರು. ಅಂಥ ಕಾಯಿಯ ತಿರುಳು ನೀರು ನೀರು, ನಾರು ನಾರು. ಹುಳಿ ಮಾಡಿದೆವು, ರುಚಿ ಹತ್ತಲಿಲ್ಲ. ಇವರ ಪದ್ಧತಿಯಲ್ಲಿ ನನಗೆ ಒಪ್ಪದ ಮಾತು ಇದು: ತೂಕದ ಹಿಂದೆ ಹೋಗಿ ನಾಲಿಗೆಯನ್ನು ಮರೆತಿದ್ದಾರೆ. ನಮ್ಮ ಅಟ್ಟದಲ್ಲಿ ಬಾಳೆನಾರಿನಲ್ಲಿ ಕಟ್ಟಿ ತೂಗಿಬಿಟ್ಟ ಸಿಹಿಗುಂಬಳ ತಿಂಗಳುಗಟ್ಟಲೆ ಕಾಯುತ್ತಿತ್ತು, ಕಡುಬಿಗೆ ಬೆಲ್ಲ ಅರ್ಧ ಸಾಕಾಗುತ್ತಿತ್ತು.

ಆದರೆ ಬೀಜದ ವಿಷಯದಲ್ಲಿ ನಾವು ಇವರಿಂದ ಕಲಿಯಲೇಬೇಕು. ಇಂದಿನ ದೈತ್ಯ ಕುಂಬಳಗಳೆಲ್ಲ ಹೆಚ್ಚುಕಡಿಮೆ ಕೆನಡಾದ ನೋವಾ ಸ್ಕೋಶಿಯಾದ ಹೊವರ್ಡ್ ಡಿಲ್ ಎಂಬ ರೈತ ವರ್ಷಗಟ್ಟಲೆ ಆರಿಸಿ ರೂಪಿಸಿದ ಅಟ್ಲಾಂಟಿಕ್ ಜೈಂಟ್ ತಳಿಯ ಸಂತಾನ. ಒಂದೊಂದು ಬೀಜಕ್ಕೂ ಹೆಸರಿದೆ: ಅದರ ತಾಯಿಕಾಯಿಯ ತೂಕ, ಬೆಳೆದವರ ಮನೆತನ, ವರ್ಷ. ಪರಾಗ ಯಾವ ಬಳ್ಳಿಯದು ಎಂಬುದೂ ಬರೆದಿರುತ್ತದೆ. ಗೆದ್ದವರು ಆ ಬೀಜವನ್ನು ಎದುರಾಳಿಗೇ ಕೊಡುತ್ತಾರೆ, ಏನು ಗೊಬ್ಬರ ಹಾಕಿದೆ, ಎಲ್ಲಿ ತಪ್ಪಿದೆ ಎಂಬುದನ್ನೂ ಹೇಳಿ ಕೊಡುತ್ತಾರೆ.

ನಮ್ಮ ಅಜ್ಜಿಯೂ ಬೀಜ ಕೇಳಿದವರಿಗೆ ಇಲ್ಲ ಅಂದವರಲ್ಲ. ಬೂದಿ ಹಚ್ಚಿ ಒಣಗಿಸಿ ಹಳೇ ಸೀರೆಯ ಚೂರಿನಲ್ಲಿ ಗಂಟು ಕಟ್ಟಿ ಇಟ್ಟಿರುತ್ತಿದ್ದರು. ಇದು ತವರಿನದು, ಇದು ಕೆಳಮನೆಯದು, ಇದು ಮಳೆಗೂ ತಡೆಯುತ್ತದೆ ಎಂದು ಮುಟ್ಟಿಯೇ ಹೇಳುತ್ತಿದ್ದರು. ಅಜ್ಜಿ ಹೋದಾಗ ಗಂಟುಗಳು ಉಳಿದವು, ಯಾವುದು ಯಾವುದೆಂದು ಹೇಳುವವರು ಇರಲಿಲ್ಲ. ಎರಡು ಮಳೆಗಾಲ ಕಳೆಯುವುದರೊಳಗೆ ಬೀಜವೂ ಹಾಳಾಯಿತು. ನಾವು ಬೀಜ ಕೊಡುವುದರಲ್ಲಿ ಕೈ ಹಿಡಿಯಲಿಲ್ಲ, ಬರೆದಿಡಲಿಲ್ಲ ಅಷ್ಟೆ. ಅದರಿಂದ ಎಷ್ಟು ಹಿತ್ತಲುಗಳು ಬರಿದಾದವೋ ನೆನೆದರೆ ಸಂಕಟವಾಗುತ್ತದೆ.

ಈಗ ಊರಲ್ಲಿ ಅತ್ತಿಗೆ ಒಂದು ನೋಟುಬುಕ್ಕು ಇಟ್ಟಿದ್ದಾರೆ. ಮೊನ್ನೆ ಮೊದಲ ಪುಟದ ಫೋಟೊ ಕಳಿಸಿದರು: "ಕೆಳಮನೆ ಕುಂಬಳ. ಅಮ್ಮನಿಗೆ ಕೊಟ್ಟದ್ದು ಶಾರದತ್ತೆ. ತೂಕ ಆರು ಕಿಲೋ. ಅಟ್ಟದಲ್ಲಿ ಯುಗಾದಿವರೆಗೆ ಇತ್ತು. ಕಡುಬಿಗೆ ಒಳ್ಳೆಯದು."