ಗಿಟಾರಿನೊಳಗೆ ಕೂತ ಜೇನು

ಮಡಿಕೇರಿಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಕೊಳ್ಳುವವರು ಬೇಸಿಗೆಯಲ್ಲಿ ಕೊಳ್ಳಬೇಕು. ನಾನು ಕಕ್ಕಡ ಮಾಸದಲ್ಲಿ, ಹೆಂಚು ಒಡೆಯುವಂತೆ ಮಳೆ ಹೊಡೆಯುತ್ತಿದ್ದ ವಾರದಲ್ಲಿ ತರಿಸಿಕೊಂಡೆ. ಪೆಟ್ಟಿಗೆ ಬಿಚ್ಚಿ ಅರ್ಧ ಗಂಟೆ ಕಳೆದಿರಲಿಲ್ಲ, ಎಲ್ಲಿಯೋ ತಂತಿಯ ಮೇಲೆ ಮರ ಉರುಳಿ ಕರೆಂಟು ಹೋಯಿತು. ಕರೆಂಟಿಲ್ಲದ ಎಲೆಕ್ಟ್ರಿಕ್ ಗಿಟಾರ್ ಎಂದರೆ ಆರು ತಂತಿ ಬಿಗಿದ ಹಲಗೆ, ಅಷ್ಟೇ. ಆ ಹಲಗೆಯನ್ನೇ ಮೀಟುತ್ತಾ ಕುಳಿತಾಗ ಕೆಲವು ಸ್ವರಗಳ ಬಾಲಕ್ಕೆ 'ಜುಂಯ್' ಎಂಬ ಸದ್ದು ಅಂಟಿಕೊಂಡಿರುವುದು ತಿಳಿಯಿತು.

ಜೇನುಪೆಟ್ಟಿಗೆ ಸಾಕಿದ ಪಕ್ಕದ ಮನೆಯ ಅಜ್ಜ ಜಗಲಿಯಲ್ಲಿ ಕೊಡೆ ಮಡಚುತ್ತಾ ಕಿವಿಗೊಟ್ಟು, "ಹುಳ ಕೂತಿದೆ ಮಾರಾಯ, ರಾಣಿಯೂ ಒಳಗೇ ಇರ್ಬೇಕು" ಎಂದು ತೀರ್ಪು ಕೊಟ್ಟರು.

ಅದು ಫ್ರೆಟ್ ಬಜ಼್. ಗಿಟಾರಿನ ಕತ್ತಿಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್. ಮೀಟಿದ ತಂತಿ ಬೀಸಿಕೊಂಡು ಕಂಪಿಸುವಾಗ ಮುಂದಿನ ಫ್ರೆಟ್‌ಪಟ್ಟಿಗೆ ತಗುಲಿ ಹಾಗೆ ಗೊಣಗುತ್ತದೆ. ತಂತಿಯ ಬೀಸಿಗೆ ಜಾಗ ಸಿಗಲೆಂದು ಗಿಟಾರಿನ ಕತ್ತು ಪೂರ್ತಿ ನೆಟ್ಟಗಿರದೆ ಕೂದಲೆಳೆಯಷ್ಟು ಒಳಬಾಗಿರಬೇಕು. ಆ ಬಾಗನ್ನು ಹಿಡಿತದಲ್ಲಿಡಲು ಕತ್ತಿನೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳಿದೆ. ಮೊದಲನೆಯ ಮತ್ತು ಕೊನೆಯ ಫ್ರೆಟ್‌ಗಳಲ್ಲಿ ತಂತಿಯನ್ನು ಒತ್ತಿ ಹಿಡಿದರೆ 7ನೆಯ ಫ್ರೆಟ್ಟಿನ ಹತ್ತಿರ ಸುಮಾರು 0.25 ಮಿಲಿಮೀಟರ್ ಸಂದು ಉಳಿಯಬೇಕು. ಇಷ್ಟು ಸಣ್ಣ ಸಂದನ್ನು ಅಳೆಯುವ ಫೀಲರ್ ಗೇಜ್ ನಮ್ಮೂರಿನಲ್ಲಿ ಸಂಗೀತಗಾರರ ಬಳಿ ಇರದಿದ್ದರೂ ಮಾಂದಲ್‌ಪಟ್ಟಿಗೆ ಪ್ರವಾಸಿಗರನ್ನು ಹೊತ್ತೊಯ್ಯುವ ಜೀಪುಗಳ ಎಂಜಿನ್ನಿನಲ್ಲಿ ಟ್ಯಾಪೆಟ್ ಸಂದು ಹೊಂದಿಸುವ ಮೆಕ್ಯಾನಿಕ್ ಬಳಿ ಇದ್ದೇ ಇರುತ್ತದೆಂದು ಹೊಳೆದದ್ದು ನನ್ನ ಈ ಇಡೀ ಸಾಹಸದಲ್ಲಿನ ಏಕೈಕ ಬುದ್ಧಿವಂತಿಕೆ.

"ಯಾವ ಗಾಡಿ ಸಾರ್?"

"ಗಿಟಾರು."

"ಎಷ್ಟು ಸಿಲಿಂಡರ್?"

"ಆರು."

"ಡೀಸೆಲ್ ಜಾಸ್ತಿ ಕುಡಿಯುತ್ತೆ, ನೋಡ್ಕೊಳ್ಳಿ" ಎಂದು ಗೇಜ್ ಕೊಟ್ಟ.

ಅಳೆದರೆ ಸಂದೇ ಇರಲಿಲ್ಲ. ತಂತಿ ಫ್ರೆಟ್ಟಿನ ಮೇಲೆ ಮಲಗಿತ್ತು. ರಾಡನ್ನು ಎಡಕ್ಕೆ ತಿರುಗಿಸಿ ಸಡಿಲಿಸಬೇಕು, ಅದೂ ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚಲ್ಲ ಎಂಬುದನ್ನು ನಾನು ಓದಿದ್ದೆ. ಎಡ ಯಾವುದೆಂಬುದು ಮಾತ್ರ ನಾವು ಯಾವ ಕಡೆಯಿಂದ ನೋಡುತ್ತೇವೆಂಬುದರ ಮೇಲೆ ನಿಂತಿದೆ. ಮೇಣದಬತ್ತಿಯ ಬೆಳಕಿನಲ್ಲಿ ಗಿಟಾರಿನ ಹೊಟ್ಟೆಯ ಕಡೆ ಕುಳಿತು, ತಲೆಯ ತುದಿಯಲ್ಲಿದ್ದ ರಾಡಿನ ತಿರುಪನ್ನು ಹಿಂದಿನಿಂದ ನೋಡುತ್ತಾ, ಶ್ರದ್ಧೆಯಿಂದ ಅದರ ಕತ್ತನ್ನು ಇನ್ನಷ್ಟು ಹಿಸುಕಿದೆ. ಅಲ್ಲಲ್ಲಿ ಇದ್ದ ಜೇನು ಇಪ್ಪತ್ತೆರಡು ಫ್ರೆಟ್ಟಿಗೂ ಹಬ್ಬಿತು. ತಪ್ಪು ತಿಳಿದು ತಿದ್ದುವ ಹೊತ್ತಿಗೆ ಮಧ್ಯರಾತ್ರಿ ಆಗಿತ್ತು.

ಮರುದಿನ ಸ್ಯಾಡಲ್ಲುಗಳ, ಅಂದರೆ ಗಿಟಾರಿನ ಹೊಟ್ಟೆಯ ಮೇಲೆ ತಂತಿಗಳನ್ನು ಹೊತ್ತ ಪುಟ್ಟ ಆಸರೆಗಳ ಸರದಿ. ಅವುಗಳನ್ನು ಏರಿಸುವ ಅಲೆನ್ ಕೀ ಹಲ್ಲುಕಡ್ಡಿಗಿಂತ ಸಣ್ಣದು. ಅದು ಕೈಜಾರಿ ಮಾಯವಾಗಿ, ಸಂಜೆ ಅಮ್ಮನ ಕರಿಮೆಣಸಿನ ಮೊರದಲ್ಲಿ ಸಿಕ್ಕಿತು. "ಇದೇನೋ ಇದು, ಮೆಣಸಿಗೆ ಕಬ್ಬಿಣ ಬಂದಿದೆ!" ಎಂದು ಆಕೆ ಗಾಬರಿಯಾಗಿದ್ದರು. 17ನೆಯ ಫ್ರೆಟ್ಟಿನಲ್ಲಿ ತಂತಿಯ ಎತ್ತರ 1.6 ಮಿಲಿಮೀಟರ್ ಇದ್ದರೆ ಸಾಕಾಗಿತ್ತು. ಸದ್ದು ಪೂರ್ತಿ ಅಡಗಲೇಬೇಕೆಂಬ ಹಟಕ್ಕೆ ಬಿದ್ದು, ಕಾಫಿಬೀಜ ಉರುಳಿ ಹೋಗುವಷ್ಟು ಎತ್ತರಿಸಿದೆ. ಸದ್ದು ನಿಂತಿತು, ಆದರೆ ಬೆರಳು ಊದಿಕೊಂಡಿತು. ಅಷ್ಟು ದೂರ ಒತ್ತಿದಾಗ ತಂತಿ ಹೆಚ್ಚು ಬಿಗಿಯಾಗುವುದರಿಂದ 12ನೆಯ ಫ್ರೆಟ್ಟಿನ ಸ್ವರವೂ ಶ್ರುತಿ ಮೀರಿ ಏರಿತು.

ನಾಲ್ಕನೆಯ ದಿನ ಕರೆಂಟು ಬಂತು. ಬೆರಳಿನ ಮೇಲಿನ ಕರುಣೆಯಿಂದ ತಂತಿಗಳನ್ನು 1.6ಕ್ಕೆ ಇಳಿಸಿದ್ದೆ, ಜೇನಿನ ಸಣ್ಣ ಗೊಣಗು ಮರಳಿತ್ತು. ಹಾಗೆಯೇ ಆಂಪ್ಲಿಫೈಯರಿಗೆ ಸಿಕ್ಕಿಸಿ ಮೀಟಿದರೆ ಸ್ವರ ಸ್ವಚ್ಛ! ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗವೇ ಪಿಕಪ್. ಅದರ ಅಯಸ್ಕಾಂತಕ್ಕೆ ತಂತಿಯ ಕಂಪನ ಮುಖ್ಯ; ಫ್ರೆಟ್ಟಿನ ಮೇಲಿನ ಅಷ್ಟು ಸಣ್ಣ ಗೊಣಗು ಸ್ಪೀಕರಿನವರೆಗೆ ತಲುಪುವುದೇ ಇಲ್ಲ. ಅಂದರೆ ಮೂರು ದಿನ ನಾನು ಕತ್ತು ಹಿಸುಕಿದ್ದು ಕರೆಂಟಿದ್ದಿದ್ದರೆ ಕೇಳಿಸದೇ ಇರುತ್ತಿದ್ದ ಸದ್ದಿಗಾಗಿ.

ನುಡಿಸುವುದನ್ನು ನಿಲ್ಲಿಸಿದೆ. ಆಗ ಸ್ಪೀಕರಿನಿಂದ, ಯಾರೂ ಮೀಟದೆಯೇ, ಹೆಜ್ಜೇನು ಎದ್ದಂತೆ 'ಹೂಂ...' ಎಂಬ ಮೊರೆತ ಕೇಳಿಸಿತು. ತಂತಿ ಮುಟ್ಟಿದರೆ ತಗ್ಗುತ್ತದೆ, ಬಿಟ್ಟರೆ ಏಳುತ್ತದೆ. ನಮ್ಮ ಹಳೆಯ ಮನೆಯ ಪ್ಲಗ್ಗಿನ ಮೂರನೆಯ ತೂತು ಕೇವಲ ಅಲಂಕಾರಕ್ಕಿದ್ದು, ಅದರ ಹಿಂದೆ ಅರ್ಥಿಂಗ್ ತಂತಿಯೇ ಇಲ್ಲವೆಂದು ಅಂದು ಗೊತ್ತಾಯಿತು. ಪ್ಲಗ್ ಕಿತ್ತು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರೆ, ಕೈಲ್ ಪೊಳ್ದ್ ಹಬ್ಬ ಕಳೆದ ಮೇಲೆ ಬರುವುದಾಗಿ ಹೇಳಿದ.

ಮೊರೆತ ಕೇಳಿ ಅಜ್ಜ ಆಗಲೇ ಬೇಲಿ ದಾಟಿ ಬಂದಿದ್ದರು. ಈ ಸಲ ಕೈಯಲ್ಲಿ ಹೊಗೆ ಹಾಕುವ ಡಬ್ಬಿಯೂ ಇತ್ತು.