ಕೋಷರ್ ಅಂದರೆ ಮಡಿ ಅಲ್ಲ, ಮುಸುರೆ

ನ್ಯೂಜೆರ್ಸಿಯಲ್ಲಿ ಸಾಸು, ಚಟ್ನಿ ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ನನಗೆ ಸಾಮಾನು ಖರೀದಿಯ ಕೆಲಸ. ಹೋದ ವರ್ಷ, ಸಾಸು ಕೆಡದ ಹಾಗೆ ಹಾಕುವ ಸೋಡಿಯಂ ಬೆಂಜೊಯೇಟ್‌ನ ಚೀಲಗಳು ಬಂದವು, ಒಂದೊಂದು 25 ಕೆಜಿ. ಆದರೆ ಒಡೆಯುವ ಹಾಗಿಲ್ಲ. ಅದರ ಕೋಷರ್ ಪತ್ರದ, ಅಂದರೆ ಯಹೂದಿಗಳ ಆಹಾರ ನಿಯಮಕ್ಕೆ ಒಪ್ಪುತ್ತದೆ ಅನ್ನುವ ಪತ್ರದ, ಅವಧಿ ಮುಗಿದು ನಾಲ್ಕು ದಿನ ಆಗಿತ್ತು. ಹೊಸ ಪತ್ರ ಬರುವ ತನಕ ಚೀಲಗಳು ಹಳದಿ ಟೇಪು ಸುತ್ತಿಸಿಕೊಂಡು ಮೂಲೆಯಲ್ಲಿ ಕೂತವು.

ನನಗೆ ನಗು ಬಂತು. ಇದು ಪೆಟ್ರೋಲಿಯಂ ಮೂಲದ ಟಾಲುಯೀನ್‌ನಿಂದ ಬೆಂಜೊಯಿಕ್ ಆಮ್ಲ ಮಾಡಿ, ಅದಕ್ಕೆ ಕಾಸ್ಟಿಕ್ ಸೋಡಾ ಸೇರಿಸಿ ಒಣಗಿಸಿದ ಬಿಳೀ ಪುಡಿ ಅಷ್ಟೆ. ದನವೂ ಇಲ್ಲ, ಹಂದಿಯೂ ಇಲ್ಲ. ಇದರಲ್ಲಿ ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, ನೋಡುವುದಾದರೂ ಏನು?

ತಪಾಸಣೆಗೆ ಬರುವವರನ್ನು ಮಷ್ಗಿಯಾಖ್ ಅನ್ನುತ್ತಾರೆ. ನಮ್ಮಲ್ಲಿಗೆ ಬರುವವರನ್ನು ಕೇಳಿಯೇ ಬಿಟ್ಟೆ. ಪುಡಿಯ ಬಗ್ಗೆ ಅವರಿಗೂ ತಕರಾರಿಲ್ಲ, ಅವರು ಕೇಳುವ ಪ್ರಶ್ನೆಗಳೇ ಬೇರೆ. ಅದೇ ಯಂತ್ರದಲ್ಲಿ ನಿನ್ನೆ ಏನು ಒಣಗಿಸಿದರು? ಬಾಯ್ಲರಿನ ಹಬೆ ಮಾಂಸ ಬೇಯಿಸುವ ಯಂತ್ರಗಳಿಗೂ ಹೋಗಿ, ತಣ್ಣಗಾದ ನೀರು ವಾಪಸ್ ಇದೇ ಬಾಯ್ಲರಿಗೆ ಬರುತ್ತದಾ? ದ್ರವವಾದರೆ, ಟ್ಯಾಂಕರಿನಲ್ಲಿ ಅದಕ್ಕೆ ಮುಂಚೆ ಏನಿತ್ತು? ಪಾತ್ರೆಗೆ ಕೋಷರ್ ಅಲ್ಲದ್ದು ತಾಗಿದ್ದರೆ ಸಾಮಾನ್ಯವಾಗಿ 24 ಗಂಟೆ ಖಾಲಿ ಬಿಟ್ಟು, ಆಮೇಲೆ ನೀರು ಕುದಿಸಿ ಶುದ್ಧ ಮಾಡಬೇಕು.

ಕೇಳ್ತಾ ಕೇಳ್ತಾ ನನಗೆ ನಮ್ಮಜ್ಜಿ ನೆನಪಾದರು. ಉಪ್ಪಿನಕಾಯಿ ಜಾಡಿಗೆ ಮುಸುರೆ ಕೈ ತಾಗಬಾರದು, ಅನ್ನದ ಸೌಟು ಮೊಸರಿಗೆ ಹೋಗಬಾರದು, ಏಕಾದಶಿಯ ಬಾಣಲೆಯೇ ಬೇರೆ. "ಅದನ್ನು ಯಾವುದರಲ್ಲಿ ಅದ್ದಿದ್ದೆ?" ಅಂತ ಕೇಳುತ್ತಿದ್ದರು, ನಾವು ಬೆಪ್ಪುಗಳ ಹಾಗೆ ಸೌಟು ಹಿಡಿದು ನಿಂತಿರುತ್ತಿದ್ದೆವು. ಇಲ್ಲಿನ ನಮ್ಮವರು ಕೋಷರ್ ಅಂದರೆ "ಯಹೂದಿಗಳ ಮಡಿ" ಅಂತ ಸಲೀಸಾಗಿ ಹೇಳಿಬಿಡುತ್ತಾರೆ. ನನಗೇನೋ ಅದು ಮುಸುರೆಗೆ ಹತ್ತಿರ ಅನಿಸುತ್ತದೆ. ಮಡಿ ಕೇಳುವುದು ಯಾರು ಮುಟ್ಟಿದರು ಅಂತ, ಮುಸುರೆ ಕೇಳುವುದು ಯಾವುದು ತಾಗಿತು ಅಂತ. ಮೊದಲನೆಯದು ನಮ್ಮಲ್ಲಿ ಜಾತಿಯ ಜೊತೆ ಸೇರಿ ಎಷ್ಟು ಜನರನ್ನು ಹೊಸ್ತಿಲ ಆಚೆ ನಿಲ್ಲಿಸಿತು ಅನ್ನೋದು ಗೊತ್ತೇ ಇದೆ, ಅದು ವಾಪಸ್ ಬರುವುದು ಬೇಡವೇ ಬೇಡ. (ಅವರಲ್ಲೂ ದ್ರಾಕ್ಷಾರಸದ ವಿಷಯದಲ್ಲಿ ಯಾರು ಮುಟ್ಟಿದರು ಅನ್ನುವ ಲೆಕ್ಕ ಇದೆ, ಪೂರ್ತಿ ಬಿಟ್ಟಿಲ್ಲ.) ಆದರೆ ಎರಡನೆಯದನ್ನು ನಾವು ಅಡುಗೆಮನೆಯಲ್ಲೇ ಬಿಟ್ಟು ಬಂದೆವು, ಅವರು ಕಾರ್ಖಾನೆಗೆ ಒಯ್ದರು. ಅಮೆರಿಕದಲ್ಲಿ ಓ ಒಳಗೆ ಯು ಇರುವ ಕೋಷರ್ ಗುರುತು 1920ರ ದಶಕದಿಂದಲೇ ಹೈಂಜ್ ಕಂಪನಿಯ ಬೇಯಿಸಿದ ಬೀನ್ಸ್ ಡಬ್ಬದ ಮೇಲೆ ಇದೆ.

ನಮ್ಮ ಹಸಿರು ಚುಕ್ಕೆ ನೋಡಿ. ಹಾಲು, ಜೇನಿನಂಥವು ಬಿಟ್ಟರೆ ಒಳಗೆ ಪ್ರಾಣಿಮೂಲದ್ದು ಇಲ್ಲ ಅಂತ ತಯಾರಕರೇ ಹಾಕಿಕೊಳ್ಳುವ ಗುರುತು ಅದು. ಬ್ರೆಡ್ಡಿನ ಮೇಲೆ ಇ471 (ಎಣ್ಣೆ ಅಥವಾ ಕೊಬ್ಬಿನಿಂದ ಮಾಡಿ ಹಿಟ್ಟಿಗೆ ಸೇರಿಸುವ ಪದಾರ್ಥದ ಸಂಖ್ಯೆ) ಅಂತ ಇದ್ದರೆ ಅದು ತಾಳೆ ಎಣ್ಣೆಯದೋ ದನದ ಕೊಬ್ಬಿನದೋ ಆ ಅಂಕಿಯಿಂದ ಗೊತ್ತಾಗುವುದಿಲ್ಲ, ಚುಕ್ಕೆಯನ್ನು ನಂಬಿ ತಿನ್ನಬೇಕು. ಹಿಂದಿನ ದಿನ ಆ ಪಾತ್ರೆಯಲ್ಲಿ ಏನಿತ್ತು ಅನ್ನುವ ಮಾತಂತೂ ಆ ಚುಕ್ಕೆಯಲ್ಲಿ ಇಲ್ಲವೇ ಇಲ್ಲ.

ಹಾಗಂತ ಇವರದ್ದೇನು ಪರಮ ಪರಿಶುದ್ಧ ವ್ಯವಸ್ಥೆ ಅಲ್ಲ. ತಪಾಸಣೆ ಮಾಡಿಸಿಕೊಳ್ಳುವವರೇ ಫೀಸು ಕಟ್ಟುತ್ತಾರೆ. ಇನ್ನು ಕೋಷರ್ ಗುರುತಾಗಿ ಹಾಕುವ ಬರೀ ಕೆ ಅಕ್ಷರಕ್ಕೆ ಟ್ರೇಡ್‌ಮಾರ್ಕ್ ಸಿಗುವುದಿಲ್ಲ, ಆದ್ದರಿಂದ ಅದೊಂದೇ ಇದ್ದರೆ ಹಿಂದೆ ಯಾರಿದ್ದಾರೆ ಅಂತ ಕೇಳಿ ತಿಳಿದುಕೊಳ್ಳಬೇಕು. ಆದರೂ ಕೇಳಿದರೆ ಹೇಳಲಿಕ್ಕೆ ಒಬ್ಬರಿರುತ್ತಾರೆ, ಪತ್ರದಲ್ಲಿ ಕಾರ್ಖಾನೆಯ ಹೆಸರು, ಕೊನೆಯ ತಾರೀಖು, ಕೆಳಗೊಂದು ಸಹಿ ಇರುತ್ತದೆ.

ನಮ್ಮ ಪತ್ರ ಹನ್ನೊಂದನೇ ದಿನ ಬಂತು. "ಪಾರ್ವ" ಅಂತ ಬರೆದಿತ್ತು, ಅಂದರೆ ಹಾಲಿನದೂ ಅಲ್ಲ, ಮಾಂಸದ್ದೂ ಅಲ್ಲ. ಟೇಪು ಕಿತ್ತು ಮೊದಲನೇ ಚೀಲ ಒಡೆಯಲು ಹೊರಟ ಹುಡುಗನಿಗೆ ನಾನು ಹೇಳಿದ್ದು ಒಂದೇ ಮಾತು: ಒಣಗಿದ ಸೌಟು ತಗೋ.