ಟಿಶ್ಯೂ ಹಾಕಿದ ಸೀಟು

ಸಿಂಗಪುರದ ಒಂದು ಹಾಕರ್ ಸೆಂಟರ್, ಅಂದರೆ ಸಾಲು ಸಾಲು ಊಟದ ಅಂಗಡಿಗಳೂ ನಡುವೆ ಎಲ್ಲರಿಗೂ ಸೇರಿದ ಮೇಜುಗಳೂ ಇರುವ ಜಾಗ. ಮಧ್ಯಾಹ್ನದ ಊಟದ ಹೊತ್ತು, ಕಾಲಿಡಲು ಜಾಗವಿಲ್ಲ. ಅಂಥದ್ದರಲ್ಲಿ ಒಂದು ಮೇಜು ಖಾಲಿ! ಮೇಲೆ ಯಾರೋ ಮರೆತುಹೋದ ಟಿಶ್ಯೂ ಪೊಟ್ಟಣ. ಪುಕ್ಕಟೆ ಸಿಕ್ಕಿತು ಅಂತ ಒಂದನ್ನು ಎಳೆದು, ಬೆವರು ಒರೆಸಿಕೊಂಡು ಕೂತೆ. ತಟ್ಟೆ ಹಿಡಿದು ಬಂದ ಹುಡುಗಿ ನನ್ನನ್ನೂ ಪೊಟ್ಟಣವನ್ನೂ ನೋಡಿ, "ಅಂಕಲ್, ಐ ಚೋಪ್ ಆಲ್ರೆಡಿ" ಅಂದಳು.

ಚೋಪ್ ಅಂದರೆ ಜಾಗ ಹಿಡಿಯುವುದು. ನಾವು ಟವೆಲ್ ಹಾಕುವುದು ಅಂತೀವಲ್ಲ, ಅದು. ನಮ್ಮ ಟವೆಲ್ ಬಸ್ಸಿನ ಕಿಟಕಿಯಿಂದ ಹೊರಟು ಮುಖ್ಯಮಂತ್ರಿ ಕುರ್ಚಿಯವರೆಗೂ ಹೋಗಿದೆ. ಅಲ್ಲಿನವರದು ಟಿಶ್ಯೂ, ಅಷ್ಟೇ. ಹೀಗೆ ಜಾಗ ಹಿಡಿಯುವ ಧಾವಂತಕ್ಕೂ ಅವರಲ್ಲೊಂದು ಪದವಿದೆ: ಕಿಯಾಸು. ಹೊಕ್ಕಿಯೆನ್ ಚೀನೀ ಮಾತಿನಲ್ಲಿ ಸೋಲುವ ಹೆದರಿಕೆ ಅಂತ ಅರ್ಥ. ಮದುವೆಮನೆಯಲ್ಲಿ, ಉಣ್ಣುತ್ತಿರುವವರ ಬೆನ್ನಿಗೆ ಅಂಟಿಕೊಂಡು ಮುಂದಿನ ಪಂಕ್ತಿಗೆ ಕಾಯುವವರನ್ನು ನೋಡಿದ್ದೀರಲ್ಲ? ಅವರೆಲ್ಲ ಕಿಯಾಸುಗಳೇ.

ಇದು ಸಿಂಗ್ಲಿಷ್. ಇಂಗ್ಲಿಷಿಗೆ ಹೊಕ್ಕಿಯೆನ್, ಕ್ಯಾಂಟನೀಸ್, ಮಲಯ್, ತಮಿಳು ಎಲ್ಲ ಬೆರೆತ ಮಾತು. ಪೆದ್ದನಿಗೆ ಗೂಂಡು ಅಂತಾರೆ, ಅದು ತಮಿಳಿನ ಕೊಡುಗೆ. ನಮ್ಮ ಜೋಕುಗಳ ಗುಂಡ ನೆನಪಾಗಿ ಒಬ್ಬನೇ ನಕ್ಕೆ.

ಆದರೆ ನಾನು ಮರುಳಾದದ್ದು ಕ್ಯಾನ್ ಅನ್ನೋ ಒಂದೇ ಪದಕ್ಕೆ. ಅಂಗಡಿಯಲ್ಲಿ "ಕ್ಯಾನ್?" ಅಂದರೆ "ಕ್ಯಾನ್" ಅಂತ ಉತ್ತರ. ಆಗುತ್ತಾ? ಆಗುತ್ತೆ. ಮುಗೀತು! ಯಾರಿಗೆ ಆಗುತ್ತೆ, ಏನು ಆಗುತ್ತೆ ಅಂತ ಪೂರ್ತಿ ವಾಕ್ಯ ಕಟ್ಟುವ ತಾಪತ್ರಯವೇ ಇಲ್ಲ. ಇನ್ನು ಬಾಲ ಅಂಟಿಸಿದರಂತೂ ಸಾಕ್ಷಾತ್ ಕನ್ನಡ. ಕ್ಯಾನ್ ಲಾ: ಆಗುತ್ತೆ ಕಣೋ. ಕ್ಯಾನ್ ಲೋರ್: ಆಗುತ್ತೆ ಬಿಡು. ಕ್ಯಾನ್ ಹೋರ್: ಆಗುತ್ತೆ ಅಲ್ವಾ? ಕ್ಯಾನ್ ಮೆ: ಇದೆಲ್ಲ ಆಗೋ ಮಾತಾ? ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ಈ 'ಬಿಡು' ಹೇಳಲು ನನಗೆ ಇವತ್ತಿಗೂ ಬಂದಿಲ್ಲ.

ಅಲ್ಲಿನ ಸರ್ಕಾರಕ್ಕೆ ಮಾತ್ರ ಇದು ಹಿಡಿಸಲಿಲ್ಲ. ಜನ ಒಳ್ಳೆಯ ಇಂಗ್ಲಿಷ್ ಮಾತಾಡಲಿ ಅಂತ 2000ದಲ್ಲಿ ಒಂದು ಚಳವಳಿಯನ್ನೇ ಶುರು ಮಾಡಿತು. ಮಂಗಳೂರಿನವರಿಗೆ ಮಾರಾಯ ಬಿಡಿ ಅಂದ ಹಾಗೆ! 2016ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರೇ ಶಿಯೋಕ್‌ನಂಥ ಪದಗಳನ್ನು ಒಳಗೆ ಕರೆದುಕೊಂಡರು. ಶಿಯೋಕ್ ಅಂದರೆ ಆಹಾ! ಸೆಕೆಯಲ್ಲಿ ತಣ್ಣಗಿನ ಮಜ್ಜಿಗೆ ಗಂಟಲಿಗಿಳಿದಾಗ ಬರುವ ಆಹಾ.

ಹೊರಡುವ ದಿನ ನಾನೂ ಚೋಪ್ ಮಾಡಿದೆ. ಟಿಶ್ಯೂ ಇರಲಿಲ್ಲ, ಕರ್ಚೀಫನ್ನೇ ಮೇಜಿನ ಮೇಲೆ ಹರವಿ ಕಾಫಿ ತರಲು ಹೋದೆ. ವಾಪಸ್ ಬಂದರೆ ಮೇಜಿನ ತುಂಬ ಜನ. ಮೇಜು ಒರೆಸುವ ಆಂಟಿ ಓಡಿಬಂದು ಕರ್ಚೀಫನ್ನು ನನ್ನ ಕೈಗಿಟ್ಟರು. "ಅಂಕಲ್, ಯು ಫರ್ಗೆಟ್ ಆ?"